ತಟ್ಟೆಯಲ್ಲಿ ಮೂರೇ ಸುತ್ತಿನ ಕೋಟೆ

ಆಯುಧಪೂಜೆಯ ರಾತ್ರಿ ಚಿತ್ರದುರ್ಗದ ಎಷ್ಟೋ ಅಡುಗೆಮನೆಗಳಲ್ಲಿ ಚಾಕುವೂ ಇಲ್ಲ, ಈಳಿಗೆಮಣೆಯೂ ಇಲ್ಲ. ಎರಡೂ ವಿಭೂತಿ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು ಸ್ಪ್ಯಾನರ್ ಪಕ್ಕ ಪೂಜೆಗೆ ಕೂತಿರುತ್ತವೆ. ಐದು ವರ್ಷದ ಮಗುವನ್ನು ಅಡುಗೆಗೆ ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಸಿಗದು. ಹೆಚ್ಚುವ ಕೆಲಸವೇ ಇಲ್ಲ, ಕೋಟೆ ಕಟ್ಟಿದರಾಯಿತು.

ಬಂಡೆಗೆ ರಾಗಿಮುದ್ದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಮೊದಲೇ ಒಂದು ಚಮಚ ಹಿಟ್ಟು ಕದಡಿ ಕುದಿಸಿ, ಉಳಿದದ್ದನ್ನು ನಡುವೆ ಗುಡ್ಡೆಯಾಗಿ ಸುರಿದು ನಾಲ್ಕೈದು ನಿಮಿಷ ಮುಟ್ಟದೆ ಬಿಡಬೇಕು. ಕೆಡುವುದು ಇಲ್ಲೇ. ಗುಡ್ಡೆ ಕಂಡ ತಕ್ಷಣ ಮಗು ಕೋಲಿಗೆ ಕೈ ಹಾಕುತ್ತದೆ. ಹೊರಗೆ ಬೆಂದು ಒಳಗೆ ಹಸಿಹಿಟ್ಟು ಉಳಿದ ಗಂಟುಗಳು ಹುಟ್ಟುತ್ತವೆ. ಮುದ್ದೆಕೋಲನ್ನು ಓಬವ್ವನ ಒನಕೆ ಅಂತ ಹೇಳಿಕೊಟ್ಟವರೇ ಇದಕ್ಕೆ ಹೊಣೆ. ತಿರುವುವುದು ದೊಡ್ಡವರ ಕೆಲಸ. ಬಿಸಿ ಇಳಿದ ಮೇಲೆ, ಕೈ ಒದ್ದೆ ಮಾಡಿಸಿ, ನಿಂಬೆಹಣ್ಣಿನಷ್ಟು ಮಗುವಿಗೆ ಕೊಡಿ. ತೀರಾ ಆರಿದರೆ ಉಂಡೆ ಬಿರುಕು ಬಿಡುತ್ತದೆ. ಬಿಡಲಿ, ಅದೇ ಓಬವ್ವನ ಕಿಂಡಿ.

ಗೋಡೆಗೆ ಚಿತ್ರಾನ್ನ ಚೆಂದ ಕಾಣುತ್ತದೆ, ನಿಲ್ಲುವುದಿಲ್ಲ. ಅಗುಳಿಗೆಲ್ಲ ಎಣ್ಣೆ ಹತ್ತಿರುವುದರಿಂದ ಒಂದಕ್ಕೊಂದು ಅಂಟವು. ಅದಕ್ಕೆ ಹಿಂಡುವ ನಿಂಬೆಹಣ್ಣು ಕೊಯ್ಯಲೂ ಚಾಕು ಬೇಕಲ್ಲ! ಮೊಸರನ್ನವೇ ಸರಿ: ಒಂದು ಲೋಟ ಅಕ್ಕಿಗೆ ಮೂರು ಲೋಟ ನೀರು, ಬಿಸಿಯಲ್ಲೇ ಮಸೆದು, ಆರಿದ ಮೇಲೆ ಅರ್ಧ ಲೋಟ ಗಟ್ಟಿ ಮೊಸರು. ಬಿಸಿ ಅನ್ನಕ್ಕೆ ಸುರಿದರೆ ಮೊಸರು ಒಡೆದು ನೀರು ಬಿಡುತ್ತದೆ, ಗೋಡೆ ಕೂರುತ್ತದೆ.

ದುರ್ಗದ್ದು ಏಳು ಸುತ್ತಿನ ಕೋಟೆ. ಮಗು ಎಳೆಯುವ ಗೋಡೆ ಎರಡು ಬೆರಳು ದಪ್ಪ, ಹಾಗಾಗಿ ಊಟದ ತಟ್ಟೆ ಮೂರೇ ಸುತ್ತಿಗೆ ಮುಗಿಯುತ್ತದೆ. ಎಣಿಸಲು ಬರುವ ಮಗುವಾದರೆ ಜಗಳ ಗ್ಯಾರಂಟಿ. ಉಳಿದ ನಾಲ್ಕು ಡಬರಿಯಲ್ಲಿವೆ ಅನ್ನಿ, ಸುಳ್ಳೇನಲ್ಲ.

ಸೈನಿಕರು ಮೊಳಕೆ ಹೆಸರುಕಾಳು, ಬಾಲವೇ ಕತ್ತಿ. ಹಿಂದಿನ ದಿನ ಬೆಳಿಗ್ಗೆ ನೆನೆಹಾಕಿ ಸಂಜೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಹಬ್ಬಕ್ಕೆ ಹುಟ್ಟಿರುತ್ತಾರೆ. ಹಬೆಯಲ್ಲಿ ಐದಾರು ನಿಮಿಷ ಸಾಕು, ಕುಕ್ಕರಿನಲ್ಲಿ ಸೀಟಿ ಹೊಡೆಸಿದರೆ ಇಡೀ ಸೈನ್ಯ ಪಾಯಸ. ಇಡೀ ಕಡ್ಲೆಕಾಯಿಬೀಜ ಬೇಡ, ಚಿಕ್ಕವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಒನಕೆಗೆ ಸಾರಿನ ನುಗ್ಗೆಕಾಯಿ, ಕೈಯಲ್ಲೇ ಮುರಿದದ್ದು. ಸಾರನ್ನು ಕಂದಕಕ್ಕೆ ಸುರಿಯಬೇಡಿ, ಅನ್ನ ಹೀರಿಕೊಂಡು ಗೋಡೆ ಜರಿಯುತ್ತದೆ, ಬಟ್ಟಲಲ್ಲೇ ಇರಲಿ. ದೊಡ್ಡ ಬಂಡೆಯ ನೆತ್ತಿಗೆ ಮಗುವಿನ ಹೆಬ್ಬೆರಳು ಒತ್ತಿಸಿ ತುಪ್ಪ ಬಿಡಿ. ಕೋಟೆಯಲ್ಲಿ ತುಪ್ಪದ ಕೊಳ ಅಂತಲೇ ಒಂದು ಜಾಗ ಇದೆ.

ಇಷ್ಟಾದ ಮೇಲೆ ಕೋಟೆ ಮುರಿಯಲು ಮಗು ಬಿಡುವುದಿಲ್ಲ. ಕಾಲುಗಂಟೆಯಲ್ಲಿ ಮುದ್ದೆ ಗಟ್ಟಿಯಾಗಿ ನಿಜವಾದ ಬಂಡೆಯೇ ಆಗುತ್ತದೆ. ಮಗುವಿಗೆ ಉಣಿಸಲು ಡಬರಿಯಲ್ಲಿ ಒಂದು ಬಿಸಿ ಮುದ್ದೆ ಮುಚ್ಚಿಟ್ಟಿರಿ. ತಟ್ಟೆಯಲ್ಲಿದ್ದದ್ದನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ. ಚಾಕು ಇನ್ನೂ ಪೂಜೆಯಲ್ಲಿದ್ದರೆ, ಈರುಳ್ಳಿ ಗುದ್ದಿ ಒಡೆಯಿರಿ.