ಊರೇ ರಜೆ ಹಾಕಿದ್ದ ಮೂರು ದಿನ

ಹೋಟೆಲಿನ ಕೋಣೆ ಇದ್ದಕ್ಕಿದ್ದಂತೆ ಅಗ್ಗವಾಗಿ ಸಿಕ್ಕರೆ ಹಿಗ್ಗುವುದಕ್ಕೆ ಮೊದಲು ಏಕೆಂದು ವಿಚಾರಿಸಬೇಕು. ನಾನು ವಿಚಾರಿಸಲಿಲ್ಲ. ನಾವು ಮ್ಯೂನಿಕ್‌ಗೆ ಬಂದು ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ಡಿಸೆಂಬರ್ 20ಕ್ಕೆ ಮೈಸೂರಿನಿಂದ ಅತ್ತೆ, ಮಾವ ಬರುವವರಿದ್ದರು. ಮಗನಿಗೂ ನಮ್ಮವರಿಗೂ ಅದೇ ಸಮಯಕ್ಕೆ ರಜೆ. ಎಲ್ಲರೂ ಸೇರಿ ನ್ಯೂರೆಂಬರ್ಗ್ ನೋಡಿಕೊಂಡು ಬರೋಣವೆಂದು ಬಾಡಿಗೆ ಹುಡುಕಲು ಕುಳಿತರೆ, ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳಲ್ಲಿ ಮುಟ್ಟಲಾಗದಂತಿದ್ದ ದರ 24ರಿಂದ 26ರವರೆಗೆ ಮಾತ್ರ ಅರ್ಧಕ್ಕೆ ಇಳಿದಿತ್ತು. ಅದು ನನ್ನ ಜಾಣತನಕ್ಕೆ ಸಂದ ಬಹುಮಾನವೆಂದೇ ತಿಳಿದು, ರದ್ದು ಮಾಡಿದರೆ ಹಣ ವಾಪಸು ಇಲ್ಲವೆಂಬ ಷರತ್ತಿಗೂ ತಲೆಯಾಡಿಸಿ, ಎರಡು ಕೋಣೆಗಳನ್ನು ಕಾಯ್ದಿರಿಸಿಬಿಟ್ಟೆ.

ಆಮೇಲೆ ಶುರುವಾಯಿತು ಯೋಜನೆ. ಪ್ರತಿ ಭಾನುವಾರ ವೀಡಿಯೊ ಕರೆಯಲ್ಲಿ ಮೈಸೂರು ಮತ್ತು ಮ್ಯೂನಿಕ್‌ಗಳ ನಡುವೆ ಸಭೆ ಸೇರುತ್ತಿತ್ತು. ನಮ್ಮವರು ಎಕ್ಸೆಲ್ ಹಾಳೆಯೊಂದನ್ನು ತೆರೆದು, ಅರ್ಧ ಗಂಟೆಗೊಂದು ಸಾಲಿನಂತೆ ಮೂರು ದಿನಗಳನ್ನು ಕತ್ತರಿಸಿ, ಪ್ರತಿ ಸಾಲಿಗೂ ಬಣ್ಣ ಬಳಿದಿದ್ದರು. ಮಗನಿಗೆ ರೈಲು ಮ್ಯೂಸಿಯಂ ಬೇಕಿತ್ತು, ಏಕೆಂದರೆ ಜರ್ಮನಿಯ ಮೊದಲ ಉಗಿಬಂಡಿ ಓಡಿದ್ದು 1835ರಲ್ಲಿ, ನ್ಯೂರೆಂಬರ್ಗಿನಿಂದ ಪಕ್ಕದ ಫ್ಯೂರ್ಟ್‌ಗೆ. ಅತ್ತೆಯವರದು ಒಂದೇ ಪ್ರಶ್ನೆ: ಮೂರು ಹೊತ್ತೂ ಏನು ತಿನ್ನುವುದು? ಆ ಊರಿನ ಹೆಸರಾಂತ ತಿಂಡಿಯೆಂದರೆ ಒಂದು ಬನ್ನಿನೊಳಗೆ ಬೆರಳುದ್ದದ ಮೂರು ಸಾಸೇಜ್‌ಗಳು ಎಂಬ ಸಂಗತಿಯನ್ನು ನಾನು ಜಾಣ್ಮೆಯಿಂದ ಮುಚ್ಚಿಟ್ಟಿದ್ದೆ.

ಮಾವನವರು ಮೈಸೂರಿನ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರಿಗೆ ನ್ಯೂರೆಂಬರ್ಗ್ ಎಂದರೆ 600ನೇ ನಂಬರಿನ ಕೋರ್ಟ್ ಹಾಲ್, ನಾಜಿ ನಾಯಕರ ವಿಚಾರಣೆ ನಡೆದ ಜಾಗ. "1945ರ ನವೆಂಬರ್ 20ಕ್ಕೆ ಶುರು, 46ರ ಅಕ್ಟೋಬರ್ 1ಕ್ಕೆ ತೀರ್ಪು ಮುಗಿಯಿತು. ಹನ್ನೊಂದು ತಿಂಗಳೂ ತುಂಬಲಿಲ್ಲಮ್ಮ. ನಮ್ಮಲ್ಲಿ ಅಷ್ಟು ಹೊತ್ತಿಗೆ ನೋಟಿಸೇ ಜಾರಿಯಾಗಿರುವುದಿಲ್ಲ" ಎಂದು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಅದರ ಬೆನ್ನಿಗೇ ಮತ್ತೊಂದನ್ನೂ ಕೇಳುತ್ತಿದ್ದರು: "ಅಲ್ಲಿನ ಸರ್ಕಾರಿ ರಜಾ ಪಟ್ಟಿ ನೋಡಿದೆಯೇನಮ್ಮ?" ಜೀವಮಾನವಿಡೀ ದಸರಾ ರಜೆ, ಬೇಸಿಗೆ ರಜೆಗಳ ಲೆಕ್ಕದಲ್ಲೇ ಮುಂದಿನ ತಾರೀಖು ಬರೆದ ಅಭ್ಯಾಸಬಲವೆಂದುಕೊಂಡು, "ನೋಡಿದ್ದೇನೆ ಮಾವ" ಎಂದು ಸುಳ್ಳು ಹೇಳಿದ್ದೆ.

ಹೊರಡಲು ಎರಡು ದಿನವಿರುವಾಗ ಮೆಟ್ಟಿಲಿನ ಬಳಿ ಕೆಳಮನೆಯ ಅಜ್ಜಿ ಸಿಕ್ಕರು. ನಾನು ನನ್ನ ಮುರುಕು ಜರ್ಮನ್‌ನಲ್ಲಿ ಹೆಮ್ಮೆಯಿಂದ ಯೋಜನೆಯನ್ನು ವಿವರಿಸಿದಾಗ, ಪರೀಕ್ಷೆಗೆ ತಪ್ಪು ದಿನ ಬಂದ ಹುಡುಗಿಯನ್ನು ನೋಡುವಂತೆ ನನ್ನನ್ನು ನೋಡಿದರು. ಕ್ರಿಸ್‌ಮಸ್ ಸಂತೆ 24ರ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ, ಅಂಗಡಿಗಳೂ ಅಷ್ಟು ಹೊತ್ತಿಗೆ ಬಾಗಿಲು ಹಾಕುತ್ತವೆ, 25 ಮತ್ತು 26 ಎರಡೂ ದಿನ ಸರ್ಕಾರಿ ರಜೆ, ಆ ದಿನಗಳಲ್ಲಿ ಎಲ್ಲರೂ ಮನೆಯೊಳಗಿರುತ್ತಾರೆ ಎಂದು ಒಂದೊಂದೇ ಬೆರಳು ಮಡಚಿ ತಿಳಿಸಿದರು. ಊರು ನೋಡಲು ನಾನು ಆರಿಸಿದ್ದು ಊರೇ ರಜೆ ಹಾಕುವ ಮೂರು ದಿನಗಳನ್ನು. ಬಾಡಿಗೆ ಏಕೆ ಇಳಿದಿತ್ತೆಂಬುದು ಆಗ ಅರ್ಥವಾಯಿತು.

ಅಂದು ರಾತ್ರಿ ಎಕ್ಸೆಲ್ ಹಾಳೆಯ ಸಾಲುಗಳು ಒಂದೊಂದಾಗಿ ಅಳಿದವು. ಕೋಟೆ 24, 25ಕ್ಕೆ ಮುಚ್ಚಿರುತ್ತದೆ. ರೈಲು ಮ್ಯೂಸಿಯಂ ಕೂಡ. "ಸಂಜೆ 5: ಕೋಟೆಯ ದಿಬ್ಬದಿಂದ ಸೂರ್ಯಾಸ್ತ" ಎಂಬ ಸಾಲಂತೂ ಮೊದಲಿನಿಂದಲೇ ಅಸಾಧ್ಯವಾಗಿತ್ತು, ಏಕೆಂದರೆ ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ನಾಲ್ಕೂ ಕಾಲಿನ ಆಸುಪಾಸಿಗೇ ಮುಳುಗುತ್ತಾನೆ. ಉಳಿದದ್ದು ಒಂದೇ ದಾರಿ: 24ರಂದು ಹನ್ನೊಂದರೊಳಗೆ ತಲುಪಿ, ಎರಡರೊಳಗೆ ಸಂತೆಯನ್ನಾದರೂ ನೋಡಿಬಿಡುವುದು.

ಬವೇರಿಯಾ ಟಿಕೆಟ್ ಎಂಬ ಏರ್ಪಾಡಿನಲ್ಲಿ ಐದು ಜನರು ಒಂದೇ ಚೀಟಿಯಲ್ಲಿ ದಿನವಿಡೀ ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ಆದರೆ ಕೆಲಸದ ದಿನಗಳಲ್ಲಿ ಅದು ಬೆಳಗ್ಗೆ ಒಂಬತ್ತರ ನಂತರವೇ ಚಾಲ್ತಿಗೆ ಬರುತ್ತದೆ. ಮಾವನವರ ಶಿಸ್ತಿನಿಂದಾಗಿ ನಾವು ಏಳೂವರೆಗೇ ನಿಲ್ದಾಣದಲ್ಲಿದ್ದೆವು. ಒಂದೂವರೆ ಗಂಟೆ ಚಳಿಯಲ್ಲಿ ಕಾದು, ಇನ್ನೇನು ರೈಲು ಹೊರಡಲು ಐದು ನಿಮಿಷವಿದೆ ಎನ್ನುವಾಗ ಅತ್ತೆಯವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ರೈಲಿನಲ್ಲೇ ಶೌಚಾಲಯವಿದೆಯೆಂದರೆ ಅವರು ಒಪ್ಪಲಿಲ್ಲ. ಓಡುವ ರೈಲಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ನಿಲ್ದಾಣದ ಶೌಚಾಲಯದ ತಿರುಗುಗೇಟು ನಾಣ್ಯವಿಲ್ಲದೆ ಅಲುಗಲಿಲ್ಲ, ನನ್ನ ಬಳಿ ಐವತ್ತು ಯೂರೋ ನೋಟು ಬಿಟ್ಟರೆ ಬೇರೆ ಚಿಲ್ಲರೆಯಿರಲಿಲ್ಲ. ಚಿಲ್ಲರೆಗಾಗಿ ಬೇಡದ ಬ್ರೆಡ್ ಕೊಂಡು ಮರಳುವಷ್ಟರಲ್ಲಿ ರೈಲಿನ ಹಿಂಭಾಗ ಕಾಣಿಸುತ್ತಿತ್ತು. ಒಂದೂವರೆ ಗಂಟೆ ಮೊದಲೇ ಬಂದು ರೈಲು ತಪ್ಪಿಸಿಕೊಂಡ ದಾಖಲೆ ನಮ್ಮ ಕುಟುಂಬದ ಹೆಸರಿನಲ್ಲಿರಬಹುದು.

ಮುಂದಿನ ರೈಲು ನಿಂತು ನಿಂತು ಹೋಯಿತು. ಹೋಟೆಲಿನಲ್ಲಿ ಚೀಲಗಳನ್ನು ಎಸೆದು ಹಾಪ್ಟ್‌ಮಾರ್ಕ್ಟ್ ಚೌಕಕ್ಕೆ ಓಡಿದಾಗ ಗಂಟೆ ಒಂದೂವರೆ. ಕೆಂಪು-ಬಿಳಿ ಪಟ್ಟೆಯ ಬಟ್ಟೆ ಹೊದ್ದ ಮಳಿಗೆಗಳ ಸಾಲುಗಳಲ್ಲಿ ಅರ್ಧದಷ್ಟು ಆಗಲೇ ಹಲಗೆ ಹಾಕುತ್ತಿದ್ದವು. ಒಣ ಪ್ಲಮ್ ಹಣ್ಣುಗಳನ್ನು ತಂತಿಗೆ ಪೋಣಿಸಿ, ಟೋಪಿ ತೊಡಿಸಿ ಮಾಡಿದ ಗೊಂಬೆಯೊಂದನ್ನು ಕಂಡು ಅತ್ತೆಯವರು, "ತಿನ್ನುವ ಪದಾರ್ಥಕ್ಕೆ ಷರಾಯಿ ಹಾಕುತ್ತಾರಲ್ಲ" ಎಂದು ಮರುಗಿದರು. ಐವರಿಗೂ ಮದ್ಯವಿಲ್ಲದ, ಮಕ್ಕಳ ಬಿಸಿ ಪಾನಕ ತಂದೆ. ಚಕ್ಕೆ, ಲವಂಗದ ಕಷಾಯಕ್ಕೆ ದ್ರಾಕ್ಷಿ ರಸ ಸುರಿದಂತಿದ್ದ ಅದು ಪಿಂಗಾಣಿ ಕಪ್‌ನಲ್ಲಿ ಬರುತ್ತದೆ. ಕಪ್‌ಗೆ ಬೇರೆ ಠೇವಣಿ ಕಟ್ಟಬೇಕು, ಹಿಂದಿರುಗಿಸಿದರೆ ಹಣ ವಾಪಸು. ಕೈ ಬೆಚ್ಚಗಾಗಲೆಂದು ಐವರೂ ಕಪ್‌ಗಳನ್ನು ಎರಡೂ ಅಂಗೈಗಳಲ್ಲಿ ಹಿಡಿದು ಗುಟುಕರಿಸುತ್ತ ನಿಂತೆವು, ಎಷ್ಟು ಹೊತ್ತೆಂದರೆ ತಿರುಗಿ ನೋಡುವಷ್ಟರಲ್ಲಿ ಮಳಿಗೆಯೇ ಮುಚ್ಚಿತ್ತು. ಬೀಗ ಹಾಕಿದವನು ದೂರದಲ್ಲಿ ಸೈಕಲ್ ಏರುತ್ತಿದ್ದ. ಮಾವನವರು ಕಪ್ ಎತ್ತಿ ಹಿಡಿದು ಕೂಗಿದರು; ಆತ ಹಬ್ಬದ ಶುಭಾಶಯವೆಂದುಕೊಂಡು ಕೈ ಬೀಸಿ ಹೋದ.

ಆ ರಾತ್ರಿ ನಮ್ಮನ್ನು ಕಾಪಾಡಿದ್ದು ಅತ್ತೆಯವರು ಮೈಸೂರಿನಿಂದ ಹೊತ್ತು ತಂದಿದ್ದ ಗೊಜ್ಜವಲಕ್ಕಿ ಪುಡಿ. ಹೋಟೆಲಿನಾಕೆ ಕೊಟ್ಟ ಫ್ಲಾಸ್ಕಿನ ಬಿಸಿನೀರನ್ನು ಅದೇ ಕಪ್‌ಗಳಿಗೆ ಸುರಿದು, ಮೇಲೊಂದು ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಹುಣಿಸೆ, ಬೆಲ್ಲದ ಪರಿಮಳ ಕಾರಿಡಾರಿನ ತುದಿಯವರೆಗೂ ಹಬ್ಬಿತು.

ಮರುದಿನ ಇಡೀ ಊರಿನಲ್ಲಿ ಕೆಲಸ ಮಾಡುತ್ತಿದ್ದುದು ಫ್ರೌವೆನ್‌ಕಿರ್ಖೆ ಇಗರ್ಜಿಯ ಗಡಿಯಾರ ಮಾತ್ರ ಎನಿಸಿತು. ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಏಳು ಮಂದಿ ಮತದಾರ ಪ್ರಭುಗಳ ಬೊಂಬೆಗಳು ಹೊರಬಂದು, ನಡುವೆ ಕುಳಿತ ಚಕ್ರವರ್ತಿ ನಾಲ್ಕನೇ ಕಾರ್ಲ್‌ನನ್ನು ಸುತ್ತುತ್ತವೆ. ಚಕ್ರವರ್ತಿಯನ್ನು ಚುನಾಯಿಸುವ ಹಕ್ಕನ್ನು ಅವರಿಗೆ ಬರೆದುಕೊಟ್ಟ 1356ರ ಶಾಸನದ ನೆನಪಿಗೆ 1509ರಲ್ಲಿ ಕೂರಿಸಿದ ಯಂತ್ರವದು. ಸರಿಯಾಗಿ ಮೂರು ಸುತ್ತು. "ಪ್ರದಕ್ಷಿಣೆ ಲೆಕ್ಕ ಇವರಿಗೂ ಗೊತ್ತು" ಎಂದು ಅತ್ತೆಯವರು ಕೈ ಮುಗಿದರು.

ಮಾವನವರನ್ನು ಕೋರ್ಟಿನ ಬಳಿಗೂ ಕರೆದೊಯ್ದೆವು. ಮುಚ್ಚಿದ ಬಾಗಿಲಿನ ಮುಂದೆ ಅವರು ಬೇಸರಪಡಲಿಲ್ಲ, ಮಂಕಿ ಟೋಪಿಯನ್ನು ಸರಿಪಡಿಸಿಕೊಂಡು, ಕಿಟಕಿಗಳನ್ನು ಎಣಿಸಿ, "ರಜಾ ದಿನ ಕೋರ್ಟ್ ಮುಚ್ಚಿರಲೇಬೇಕು. ಪಟ್ಟಿ ನೋಡಿದ್ದೆ ಎಂದೆಯಲ್ಲಮ್ಮ?" ಎಂದರು. ನಾನು ಮಗನ ಮಫ್ಲರ್ ಸರಿಮಾಡುವುದರಲ್ಲಿ ಮಗ್ನಳಾದೆ.

ಆ ಐದು ಕಪ್‌ಗಳಲ್ಲಿ ಮೂರು ಈಗ ಮ್ಯೂನಿಕ್‌ನಲ್ಲಿ ನಮ್ಮ ಫಿಲ್ಟರ್ ಕಾಫಿಗೆ ಒದಗುತ್ತಿವೆ. ಎರಡನ್ನು ಅತ್ತೆಯವರು ಸೀರೆಗಳ ಮಡಿಕೆಯಲ್ಲಿ ಸುತ್ತಿಕೊಂಡು ಮೈಸೂರಿಗೆ ಒಯ್ದರು. ಐದೂ ಕಪ್‌ಗಳ ಠೇವಣಿಯನ್ನು ಮಾವನವರು ತಮ್ಮ ಡೈರಿಯಲ್ಲಿ 'ಬರತಕ್ಕ ಬಾಕಿ' ಎಂಬ ಶೀರ್ಷಿಕೆಯಡಿ, ನನ್ನ ಹೆಸರಿನ ಮುಂದೆ ಬರೆದಿಟ್ಟಿದ್ದಾರೆ.