‘ಇನ್ ಕ್ಯಾಮೆರಾ’ದಲ್ಲಿ ಕ್ಯಾಮೆರಾ ಎಲ್ಲಿದೆ?

‘ಇನ್ ಕ್ಯಾಮೆರಾ ವಿಚಾರಣೆ’ ಎಂದು ಸುದ್ದಿ ಬಂದರೆ, ಕೋರ್ಟಿನಲ್ಲಿ ವಿಡಿಯೊ ಮಾಡುತ್ತಾರೆ ಅಂದುಕೊಳ್ಳುವವರೇ ಹೆಚ್ಚು. ಇರುವುದು ತದ್ವಿರುದ್ಧ: ಅದು ಹೊರಗಿನವರಿಗೆ ಬಾಗಿಲು ಹಾಕಿ ನಡೆಸುವ ವಿಚಾರಣೆ. ಅತ್ಯಾಚಾರ ಪ್ರಕರಣಗಳಲ್ಲಿ ಹೀಗೇ ನಡೆಯಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 327ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಂ. ಕೋರ್ಟು ಒಪ್ಪದೆ ಒಳಗಿನ ಕಲಾಪವನ್ನು ಅಚ್ಚು ಹಾಕುವಂತೆಯೂ ಇಲ್ಲ.

ಈ ‘ಕ್ಯಾಮೆರಾ’ ಲ್ಯಾಟಿನ್ ಪದ; ಅರ್ಥ ಕೋಣೆ. ಅದರ ಹಿಂದಿರುವುದು ಗ್ರೀಕಿನ ‘ಕಮಾರಾ’, ಅಂದರೆ ಕಮಾನಿನ ಚಾವಣಿ. (ನಮ್ಮ ‘ಕಮಾನು’ ಪಾರ್ಸಿಯಿಂದ ಬಂದದ್ದು. ಸದ್ದು ಹೊಂದಿತೆಂದು ನೆಂಟಸ್ತನ ಕಟ್ಟುವ ಅವಸರ ಬೇಡ.)

ಫ್ರೆಂಚರ ಬಾಯಲ್ಲಿ ಇದು ‘ಶಾಂಬ್ರ್’ ಆಯಿತು. ಲ್ಯಾಟಿನ್ನಿನ ‘ಕ’ ಅಲ್ಲಿ ಮೊದಲು ‘ಚ’, ಆಮೇಲೆ ‘ಶ’ ಆಗುತ್ತದೆ. ‘ಚ’ ಇದ್ದ ಕಾಲದಲ್ಲೇ ಇಂಗ್ಲಿಷಿಗೆ ಹೋದ ರೂಪ ‘ಚೇಂಬರ್’. ನಡುವಿನ ಸ್ವರ ಬಿದ್ದು ‘ಮ’, ‘ರ’ ಒತ್ತಟ್ಟಿಗೆ ಬಂದಾಗ ತುಟಿ ಬಿಡಿಸಿಕೊಳ್ಳಲು ಒಂದು ‘ಬ’ ನುಸುಳುತ್ತದೆ. ಸಂಖ್ಯೆ ಎಂಬರ್ಥದ ಲ್ಯಾಟಿನ್ ‘ನುಮೆರುಸ್’ ಫ್ರೆಂಚಿನಲ್ಲಿ ‘ನೋಂಬ್ರ್’ ಆದದ್ದೂ ಹಾಗೆಯೇ. ಜರ್ಮನ್ನಿನ ‘ಕಾಮರ್’ ಹಳೆಯ ‘ಕ’ವನ್ನು ಉಳಿಸಿಕೊಂಡಿದೆ. ಇಟಲಿಯ ಹೋಟೆಲಿನಲ್ಲಿ ‘ಕಾಮೆರಾ’ ಕೇಳಿದರೆ ರೂಮಿನ ಬೀಗದ ಕೈ ಕೊಡುತ್ತಾರೆ. ಅಲ್ಲಿನ ಸಂಸತ್ತಿನ ಕೆಳಮನೆಯೂ ‘ಕಾಮೆರಾ’ವೇ. ರಷ್ಯನ್ನಿನಲ್ಲಿ ಅದು ಜೈಲಿನ ಕೋಣೆಯೂ ಹೌದು, ಸೈಕಲ್ಲಿನ ಟ್ಯೂಬೂ ಹೌದು. ಹಿಂದಿಯ ‘ಕಮ್ರಾ’ ಪೋರ್ಚುಗೀಸರು ಬಿಟ್ಟುಹೋದದ್ದು. ಸ್ಪೇನಿನಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಸಿಪಾಯಿಗಳು ‘ಕಮರಾದ’. ಅದೇ ಮುಂದೆ ಕಾಮ್ರೇಡ್. ಅಂದರೆ ಮೂಲದಲ್ಲಿ ಬರೀ ರೂಮ್‌ಮೇಟ್!

ಹಾಗಾದರೆ ಫೋಟೊ ಯಂತ್ರಕ್ಕೆ ಕೋಣೆಯ ಹೆಸರೇಕೆ? ಕೋಣೆಯನ್ನು ಪೂರ್ತಿ ಕತ್ತಲು ಮಾಡಿ ಕಿಟಕಿಯಲ್ಲಿ ಒಂದೇ ಒಂದು ಸಣ್ಣ ತೂತು ಬಿಡಿ. ಬೆಳಕು ನೇರ ಗೆರೆಯಲ್ಲಿ ಬರುವುದರಿಂದ ಹೊರಗಿನ ಮರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ತೂತು ದೊಡ್ಡದಾದರೆ ಚಿತ್ರದ ಅಂಚು ಕಲಸಿಹೋಗುತ್ತದೆ. ತೀರಾ ಚಿಕ್ಕದಾದರೆ ಬೆಳಕೇ ಸಾಲದು. ಇದಕ್ಕೆ ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲಿ ಬಳಸಿದ ಹೆಸರು ‘ಕ್ಯಾಮೆರಾ ಅಬ್ಸ್ಕ್ಯೂರಾ’, ಕತ್ತಲೆ ಕೋಣೆ. ಕೋಣೆ ಕುಗ್ಗಿ ಪೆಟ್ಟಿಗೆಯಾಯಿತು. 1839ರಲ್ಲಿ ಫ್ರಾನ್ಸಿನ ದಗೇರ್ ಫೋಟೊ ಹಿಡಿಯಲು ಬಳಸಿದ ಬೆಳ್ಳಿ ಲೇಪದ ತಗಡು ಲೋಕಕ್ಕೆ ಗೊತ್ತಾಗುವ ಹೊತ್ತಿಗೆ ಪೆಟ್ಟಿಗೆ ಸಿದ್ಧವಿತ್ತು. ಆಮೇಲೆ ‘ಕತ್ತಲೆ’ ಉದುರಿತು, ‘ಕೋಣೆ’ ಉಳಿಯಿತು.

ಸುದ್ದಿಮನೆಯವರು ‘ಇನ್ ಕ್ಯಾಮೆರಾ’ವನ್ನು ಹಾಗೆಯೇ ಇಳಿಸುವುದು ಬಿಡಬೇಕು. ‘ಗೋಪ್ಯ ವಿಚಾರಣೆ’ ಎಂದರೂ ಪೂರ್ತಿ ಸರಿಯಲ್ಲ. ವಿಚಾರಣೆ ನಡೆಯುತ್ತಿರುವುದೇನೂ ಗುಟ್ಟಲ್ಲವಲ್ಲ. ‘ಬಾಗಿಲು ಮುಚ್ಚಿದ ವಿಚಾರಣೆ’ ಎಂದು ಬರೆದರೆ ಲ್ಯಾಟಿನ್ ಬಾರದವರಿಗೂ ತಿಳಿಯುತ್ತದೆ.