ಬರೆ ಜರಿದದ್ದು ನಿಜ ಮಾರಾಯ್ರೇ!

ಮಳೆಗಾಲದಲ್ಲಿ ಮಡಿಕೇರಿ ಕಡೆಯವರಿಗೆ ವಾಟ್ಸ್ಆ್ಯಪ್ ಗುಂಪು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದರೆ ಮಳೆ ಲೆಕ್ಕ. "ನಮ್ಮಲ್ಲಿ 4 ಇಂಚು." "ಇಲ್ಲಿ ಐದೂವರೆ." ಯಾವ ರಸ್ತೆಗೆ ಮರ ಬಿದ್ದಿದೆ, ಎಲ್ಲಿ ಕರೆಂಟ್ ಇಲ್ಲ. ಎರಡೇ ಮಾತು, ಅದರಲ್ಲೂ ಅರ್ಧ ಕಾಗುಣಿತ ತಪ್ಪು. ಆದರೂ ಅದನ್ನು ನಂಬಿಯೇ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದೆವು.

ಈ ಸಲ ಆ ಗುಂಪು ಕೆಟ್ಟು ಕೆರ ಹಿಡಿದಿದೆ.

ಮೊನ್ನೆ ರಾತ್ರಿ ಹತ್ತೂವರೆಗೆ ಒಬ್ಬರು ವಿಡಿಯೊ ಹಾಕಿದರು. ಗುಡ್ಡ ಸೀಳಿಕೊಂಡು ಕೆಸರು ನುಗ್ಗುತ್ತದೆ, ಹೆಂಚಿನ ಮನೆ ಕೊಚ್ಚಿಕೊಂಡು ಹೋಗುತ್ತದೆ, ಹಿಂದೆ ಹೆಂಗಸರು ಕಿರುಚುವ ಸದ್ದು. ಕೆಳಗೆ "ಕೊಡಗು, ಈಗಷ್ಟೇ". ಎಂಟೇ ಸೆಕೆಂಡ್. ಅಮ್ಮ ನೋಡಿಬಿಟ್ಟರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಉಟ್ಟ ಸೀರೆಯಲ್ಲೇ ಮನೆ ಬಿಟ್ಟು, ಪರಿಹಾರ ಕೇಂದ್ರದಲ್ಲಿ ಮಲಗಿದವರು ಅವರು. ಪಹಣಿ, ಆಧಾರ್ ಎಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಬೆಳಗಿನವರೆಗೂ ಜಗಲಿಯಲ್ಲಿ ಕೂತಿದ್ದರು. ಬೆಳಿಗ್ಗೆ ಸರಿಯಾಗಿ ನೋಡಿದರೆ, ಅದರಲ್ಲಿರುವ ಅಂಗಡಿ ಬೋರ್ಡಿನ ಅಕ್ಷರ ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ. ತೋಟದಲ್ಲಿ ಕಾಫಿ ಗಿಡದ ಬದಲು ಎಂಥದೋ ಪೊದೆ. ಎಐ! ಹಾಕಿದವರನ್ನು ಕೇಳಿದರೆ, "ಫಾರ್ವರ್ಡ್ ಬಂದಿತ್ತು, ಸುಮ್ನೆ ಹಾಕಿದೆ" ಅಂತಾರೆ. ಸುಮ್ನೆ ಅಂತೆ!

ಹಿಂದೆಯೂ ಸುಳ್ಳು ಬರುತ್ತಿತ್ತು, ಇಲ್ಲ ಅನ್ನಲ್ಲ. ಕೇರಳದ ಹಳೇ ವಿಡಿಯೊವನ್ನು ನಮ್ಮೂರಿನದು ಅಂತ ಹಾಕುತ್ತಿದ್ದರು. ಆದರೆ ಅದು ಎಲ್ಲೋ ಒಂದು ಕಡೆ ನಡೆದಿರುತ್ತಿತ್ತು, ಯಾರೋ ಅಲ್ಲಿ ನಿಂತು ತೆಗೆದಿರುತ್ತಿದ್ದರು. ಇದನ್ನು ತೆಗೆಯಲು ಯಾರೂ ಒದ್ದೆಯೇ ಆಗಿಲ್ಲ. ಏನು ಬೇಕು ಅಂತ ನಾಲ್ಕು ಸಾಲು ಬರೆದರೆ ಸಾಕು, ಕಿರುಚಾಟದ ಸಮೇತ ಮಾಡಿಕೊಡುತ್ತದೆ.

ಅದಕ್ಕಿಂತ ಜಾಸ್ತಿ ಮೈ ಉರಿದದ್ದು ಇವತ್ತು. ಬೆಳಗಿನ ಜಾವ ನಮ್ಮ ಮನೆ ಮುಂದಿನ ಬರೆ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬ, ನಿಜವಾಗಿಯೂ ಜರಿದು ರಸ್ತೆ ಮುಚ್ಚಿತು. ವಿಡಿಯೊ ತೆಗೆದು, "ಈ ಕಡೆ ಬರಬೇಡಿ" ಅಂತ ಗುಂಪಿಗೆ ಹಾಕಿದೆ. ಮೊದಲ ಉತ್ತರ: "ಎಐ ಅಲ್ವಾ?" ಅದರ ಕೆಳಗೆ ಸಾಲಾಗಿ ನಗುವ ಮುಖಗಳು. ಜೀಪಿನಲ್ಲಿ ಗೊಬ್ಬರ ಹೇರಿಕೊಂಡು ಬಂದ ಪಕ್ಕದ ತೋಟದವರು ಮಣ್ಣಿನ ರಾಶಿ ಮುಂದೆ ಬ್ರೇಕ್ ಹಾಕಿ, "ವಿಡಿಯೊ ನೋಡಿದ್ದೆ, ಸುಳ್ಳು ಅಂದುಕೊಂಡೆ" ಅಂದರು. ನಲವತ್ತು ವರ್ಷದ ಪರಿಚಯ ನಮ್ಮದು!

ಕೊನೆಗೆ ಗುಂಪಿನ ಒಬ್ಬ ಬುದ್ಧಿವಂತ, "ಅಣ್ಣ, ಪೇಪರ್ ಹಿಡ್ಕೊಂಡು ಒಂದು ಫೋಟೊ ಹಾಕಿ, ನಂಬ್ತೀವಿ" ಅಂದ. ಹಿಡಿದುಕೊಂಡೆ ಮಾರಾಯ್ರೇ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೇಪರ್, ಕಾಲಿಗೆ ಜಿಗಣೆ. ಮಗ ಫೋಟೊ ತೆಗೆದ. ರಸ್ತೆಯೇ ಮುಚ್ಚಿರುವಾಗ ಇವತ್ತಿನ ಪೇಪರ್ ಎಲ್ಲಿಂದ ಬರಬೇಕು?

ಐದು ನಿಮಿಷಕ್ಕೆ ಅವನ ಉತ್ತರ ಬಂತು: "ಅಣ್ಣ, ಇದು ನಿನ್ನೆಯ ಪೇಪರ್ ಅಲ್ವಾ?"